ಹಿಟ್ಟಿಲ್ಲದ ಶುಕ್ರವಾರ

2014ರ ಮಾರ್ಚ್ ತಿಂಗಳ ಎರಡನೇ ಶುಕ್ರವಾರ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ, ನಾನು ದುಬೈಯ ಸತ್ವಾ ಬಡಾವಣೆಯಲ್ಲಿ ಒಂದು ಹಳೆಯ ವಿಲ್ಲಾದ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಎಡಗಾಲು ಒಳಗೆ, ಬಲಗಾಲು ಹೊರಗಿನ ಚಾಪೆಯ ಮೇಲೆ. ಎರಡೂ ಕೈಯಲ್ಲಿ ಹತ್ತು ಕಿಲೋ ಮೈದಾದ ಚೀಲ. ಗೋಡೆಯ ಗಡಿಯಾರ ನಲವತ್ತೈದು ತೋರಿಸುತ್ತಿತ್ತು. ಬಸ್ಸು ತಪ್ಪದಿರಲೆಂದು ಅದನ್ನು ಐದು ನಿಮಿಷ ಮುಂದಿಟ್ಟವನು ನಾನೇ, ಆದ್ದರಿಂದ ನಲವತ್ತು ಎಂದು ಬರೆಯುತ್ತಿದ್ದೇನೆ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅಡುಗೆ ಕಟ್ಟೆಯ ಮೇಲೆ ಬಾಗಿ, ಸಿರಿಲ್ ಬಾಬ್ ಪಾತ್ರೆಯಲ್ಲಿ ಹಿಟ್ಟು ನಾದುತ್ತಿದ್ದರು.

ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ.

ಈಗ ನಾನು ದುಬೈಯದೇ ಅಲ್ ಕುಸೈಸಿನಲ್ಲಿ ಹೆಂಡತಿ, ಮಗಳೊಂದಿಗೆ ಇದ್ದೇನೆ. ವಾರಕ್ಕೊಂದು ಸಲ ಮನೆಯಲ್ಲಿ ಬ್ರೆಡ್ ಮಾಡುತ್ತೇನೆ. ಅಂಗಡಿಯ ಯೀಸ್ಟ್ ಹಾಕದೆ, ಹಿಟ್ಟು ನೀರು ಕಲಸಿ ಹುಳಿ ಬರಿಸಿ ಉಬ್ಬಿಸುವ ಬ್ರೆಡ್. ಹಿಟ್ಟಿನ ಪ್ಯಾಕೆಟನ್ನು ಮಾತ್ರ ಅಡುಗೆಮನೆಯಲ್ಲಿ ಒಡೆಯುವುದಿಲ್ಲ. ಬಾಲ್ಕನಿಗೆ ಒಯ್ದು, ಬಕೆಟಿನೊಳಗೆ ನಿಲ್ಲಿಸಿ, ಕತ್ತರಿಯಿಂದ ಒಂದು ಮೂಲೆ ಕತ್ತರಿಸಿ, ಚಮಚದಲ್ಲಿ ತೆಗೆದು ನೀರಿಗೆ ಇಳಿಸುತ್ತೇನೆ. ಆಗ ನಾನು ಉಸಿರು ಹಿಡಿದಿರುತ್ತೇನೆ ಎಂಬುದು ಹೆಂಡತಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

“ಬಾಂಬ್ ಬಿಚ್ಚುವವರ ಹಾಗೆ ಮಾಡ್ತೀರಿ ಮಾರಾಯ್ರೆ,” ಎನ್ನುತ್ತಾಳೆ ಅವಳು. ಮಗಳು ತಲೆ ಎತ್ತದೆ, “ಲೀವ್ ಹಿಮ್, ಅಮ್ಮ,” ಎನ್ನುತ್ತಾಳೆ. ಕಾರಣವನ್ನು ಇಬ್ಬರಿಗೂ ಪೂರ್ತಿಯಾಗಿ ಹೇಳಿಲ್ಲ.

ನಾನು ಕರಾವಳಿಯ ಬೆಳ್ಮಣ್ಣಿನವನು. ನಮ್ಮ ಮನೆಯಲ್ಲಿ ಬ್ರೆಡ್ಡು ಎಂದರೆ ಜ್ವರ. ಆರೋಗ್ಯವಾಗಿರುವವರು ಬ್ರೆಡ್ಡು ತಿನ್ನುವುದನ್ನು ನಾನು ಹತ್ತು ವರ್ಷದವರೆಗೆ ಕಂಡವನಲ್ಲ. ಯಾರಾದರೂ ಆಸ್ಪತ್ರೆ ಸೇರಿದರೆ ಒಂದು ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದು ನೋಡಲು ಹೋಗುವುದು. ರೋಗಿ ತಿನ್ನದೆ ಉಳಿದ ಬ್ರೆಡ್ಡನ್ನು ನೋಡಲು ಬಂದವರ ಮಕ್ಕಳು ತಿನ್ನುವುದು. ನಾನು ಅಂಥ ಮಕ್ಕಳಲ್ಲಿ ಒಬ್ಬ. ಒಮ್ಮೆ ಬ್ರೆಡ್ಡಿನ ಆಸೆಗೆ ಜ್ವರ ಬಂದವನಂತೆ ಮಲಗಿದ್ದೆ. ಅಮ್ಮ ಕತ್ತಿನ ಹಿಂದೆ ಕೈಯಿಟ್ಟು ನೋಡಿ, ಒಳಗೆ ಹೋಗಿ ಬ್ರೆಡ್ಡಿನ ಬದಲು ಕಹಿ ಕಿರಾತಕಡ್ಡಿಯ ಕಷಾಯ ತಂದಳು. ಅದನ್ನು ಕುಡಿದು ಶಾಲೆಗೆ ಹೋದೆ. ಬ್ರೆಡ್ಡನ್ನು ಕೈಯಾರೆ ಮಾಡುವ ಮನುಷ್ಯ ಎಂಬವನು ಇರುತ್ತಾನೆ ಎಂದು ಆಗ ಹೊಳೆದಿರಲಿಲ್ಲ. ಅದು ಪ್ಯಾಕೆಟಿನಲ್ಲೇ ಹುಟ್ಟುತ್ತದೆ ಎಂದುಕೊಂಡಿದ್ದೆ.

ಅಂಥ ಮನುಷ್ಯನನ್ನು ನಾನು ಕಂಡದ್ದು ಸತ್ವಾದಲ್ಲಿ. ಸಿರಿಲ್ ಬಾಬ್ ಶಿರ್ವದವರು, ಆಗ ಅವರಿಗೆ ಐವತ್ತೊಂದು. ಬಾಬ್ ಎಂಬುದು ಕೊಂಕಣಿಯಲ್ಲಿ ಹಿರಿಯರ ಹೆಸರಿಗೆ ಸೇರಿಸುವ ಗೌರವದ ಮಾತು. ಒಂದು ಹೋಟೆಲಿನ ಬೇಕರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬ್ರೆಡ್ಡು ಮಾಡುತ್ತಿದ್ದರು. ವಿಲ್ಲಾದ ಹಿಂದಿನ ಕೋಣೆಯಲ್ಲಿ ನಾವು ಮೂವರು: ಸಿರಿಲ್ ಬಾಬ್, ನಾನು, ಮತ್ತೆ ಉಳ್ಳಾಲದ ರಝಾಕ್. ರಝಾಕ್ ನಮ್ಮಿಬ್ಬರಿಗಿಂತ ಚಿಕ್ಕವನು, ಅಲ್ ಕೂಜಿನ ಒಂದು ಗೋದಾಮಿನ ಪಿಕಪ್ ಓಡಿಸುತ್ತಿದ್ದ. ಮೂವರಿಗೂ ಮನೆಮಾತು ಬೇರೆ, ಆದರೆ ಕೋಣೆಯಲ್ಲಿ ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆದಿದ್ದೇನೆ. ಮುಂದಿನ ಕೋಣೆಯಲ್ಲಿ ಪಾಕಿಸ್ತಾನದ ಒಬ್ಬ ವಯಸ್ಸಾದ ದರ್ಜಿ. ಅವರನ್ನು ಎಲ್ಲರೂ ಮಾಸ್ಟರ್‌ಜಿ ಎನ್ನುತ್ತಿದ್ದೆವು.

ನಾನು ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದೆ. ಗಲ್ಫ್ ಕಾಣದವರಿಗೆ ಹೇಳುತ್ತೇನೆ: ವೀಸಾ, ಅದರ ನವೀಕರಣಕ್ಕೆ ಬೇಕಾದ ಮೆಡಿಕಲ್ ಪರೀಕ್ಷೆ, ಕ್ಯಾನ್ಸಲ್, ಏನೇ ಇದ್ದರೂ ಸರಕಾರಿ ಅರ್ಜಿಯನ್ನು ಟೈಪ್ ಮಾಡಿಕೊಡುವ ಅಂಗಡಿ ಅದು. ಕೆಲಸ ಟೈಪಿಸುವುದಷ್ಟೇ. ಆದರೆ ದಿನವಿಡೀ ಅರ್ಜಿ ಮುಟ್ಟುವವನಿಗೆ ಕಾನೂನೂ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಸ್ವಲ್ಪ ದಿನದಲ್ಲಿ ಅವನೂ ನಂಬುತ್ತಾನೆ. ನಮ್ಮ ವಿಲ್ಲಾದಲ್ಲಿ ಯಾರಿಗೆ ಏನು ಸಂಶಯ ಬಂದರೂ ನನ್ನಲ್ಲಿಗೆ ಬರುತ್ತಿದ್ದರು. ನಾನು ಕನ್ನಡಕ ಸರಿಮಾಡಿಕೊಂಡು ಉತ್ತರ ಹೇಳುತ್ತಿದ್ದೆ. ಗೊತ್ತಿಲ್ಲ ಎಂದು ಹೇಳಿದ ನೆನಪಿಲ್ಲ.

ನಾಲ್ಕು ವರ್ಷ ಮೆಸ್ಸಿನ ಊಟ ತಿಂದು ನನ್ನ ಹೊಟ್ಟೆ ಕೆಟ್ಟಿತ್ತು. ಅಡುಗೆ ಬರುತ್ತಿರಲಿಲ್ಲ. ಮೊಟ್ಟೆ ಬೇಯಿಸುವಾಗಲೂ ಪಾತ್ರೆಯ ಎದುರು ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. 2013ರ ನವೆಂಬರಿನಲ್ಲಿ ಒಂದು ದಿನ ಸಿರಿಲ್ ಬಾಬ್ ಕೆಲಸದಿಂದ ತಂದ ಒಂದು ತುಂಡು ಹುಳಿಬ್ರೆಡ್ ತಿಂದೆ. ಹೊರಗೆ ಗಟ್ಟಿ, ಒಳಗೆ ಒದ್ದೆಒದ್ದೆ, ತುದಿನಾಲಿಗೆಗೆ ನಮ್ಮ ಮನೆಯ ಹುಳಿ ಬಂದ ದೋಸೆಯ ರುಚಿ. ಆ ದಿನ ಹೊಟ್ಟೆ ಉರಿಯಲಿಲ್ಲ.

“ಇದನ್ನು ನನಗೆ ಕಲಿಸಿ,” ಎಂದೆ.

“ದಿನಾ ಹಿಟ್ಟೇ ಮಾರಾಯ ನನಗೆ. ಒಂದು ಶುಕ್ರವಾರ ಬಿಡುವುಂಟು, ಅದರಲ್ಲೂ ಹಿಟ್ಟಾ?”

“ಅರ್ಧ ಗಂಟೆ ಸಾಕು.”

“ಅರ್ಧ ಗಂಟೆಯಲ್ಲಿ ನಿನ್ನ ಅರ್ಜಿ ಆಗ್ತದೆ. ಬ್ರೆಡ್ಡು ಆಗುವುದಿಲ್ಲ.”

ಎರಡು ವಾರ ಬಿಡದೆ ಕೇಳಿದೆ. ಮೂರನೇ ಶುಕ್ರವಾರ ಅವರು ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬಂದವರು, ಅಂಗಿ ಬದಲಿಸಿ, ಲುಂಗಿ ಉಟ್ಟು, “ಬಾ, ಕಲಿ,” ಎಂದರು. ಓವನ್ ತಂದವನು ರಝಾಕ್. ಯಾವುದೋ ಮುಚ್ಚಿಹೋದ ಕೆಫೆಯ ಸಾಮಾನು ಗೋದಾಮಿಗೆ ಬಂದಿತ್ತಂತೆ.

ಹುಳಿ ಬರಿಸಿದ ಮೂಲಹಿಟ್ಟನ್ನು ಹೋಟೆಲಿನಲ್ಲಿ ಮದರ್ ಎನ್ನುತ್ತಾರಂತೆ. ಸಿರಿಲ್ ಬಾಬ್ ಹುಳಿ ಎಂದಷ್ಟೇ ಹೇಳುತ್ತಿದ್ದರು. ಒಂದು ಬಾಟಲಿ ಹುಳಿ ನನ್ನ ಕೈಗೆ ಕೊಟ್ಟು, ದಿನಾ ಒಂದಿಷ್ಟು ಹಿಟ್ಟು, ನೀರು ಹಾಕಿ ಸಾಕಬೇಕು ಎಂದರು. ದೋಸೆಯ ಊರಿನಿಂದ ಬಂದ ನನಗೆ ಹುಳಿ ಬರಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಧೈರ್ಯವಿತ್ತು. ಅವರು ಕೆಲಸಕ್ಕೆ ಹೋದ ಮೇಲೆ ಅದಕ್ಕೆ ಒಂದು ಚಮಚ ಉಪ್ಪು, ನಾಲ್ಕು ಕಾಳು ಮೆಂತೆ ಹಾಕಿ, ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ನನ್ನ ಹೊದಿಕೆಯಲ್ಲಿ ಸುತ್ತಿ ಇಟ್ಟೆ. ಸಂಜೆ ಬಂದಾಗ ಮುಚ್ಚಳ ರಝಾಕನ ಮಂಚದ ಕೆಳಗಿತ್ತು. ಹಿಟ್ಟು ಹೊದಿಕೆಯಲ್ಲಿತ್ತು.

“ಸದಣ್ಣ, ಇದು ಉಸಿರಾಡ್ತದಂತೆ,” ಎಂದ ರಝಾಕ್. “ನೀವು ಬಾಯಿ ಕಟ್ಟಿದ್ದೀರಿ.”

ನನ್ನ ಮೊದಲ ಬ್ರೆಡ್ಡನ್ನು ಮಾಸ್ಟರ್‌ಜಿ ಕೈಯಲ್ಲಿ ತೂಗಿ ನೋಡಿ, ಬಟ್ಟೆ ಕತ್ತರಿಸುವಾಗ ಗಾಳಿಗೆ ಹಾರದಂತೆ ಮೇಲಿಡಲು ಬೇಕು ಎಂದು ಒಯ್ದರು. ಒಂದು ವಾರ ಅದೇ ಕೆಲಸಕ್ಕೆ ಬಳಸಿದರು. ನಾನು ಕೇಳಿದ್ದಕ್ಕೆ, “ಬಹುತ್ ಅಚ್ಛಾ ಹೈ, ಹಿಲ್ತಾ ನಹೀ,” ಎಂದರು. ಬಹಳ ಚೆನ್ನಾಗಿದೆ, ಅಲುಗಾಡುವುದಿಲ್ಲ ಎಂದು.

ಸಿರಿಲ್ ಬಾಬ್ ಅಳತೆ ಹೇಳುತ್ತಿರಲಿಲ್ಲ. ನಾನು ಪುಸ್ತಕ, ಪೆನ್ನು ಹಿಡಿದು ನಿಂತರೆ, “ಅದನ್ನು ಆಚೆ ಇಡು. ಕೈ ಹಾಕು,” ಎನ್ನುತ್ತಿದ್ದರು. “ಎಷ್ಟು ನೀರು?” ಎಂದರೆ, “ಅದು ಸಾಕು ಹೇಳುವಷ್ಟು.” “ಅದು ಹೇಗೆ ಹೇಳ್ತದೆ?” “ನಿನ್ನ ಬಾಯಿ ನಿಂತ ಮೇಲೆ ಹೇಳ್ತದೆ.” ನಾದಿದ ಹಿಟ್ಟಿನ ಮೇಲೆ ಅಂಗೈಯ ಅಂಚಿನಿಂದ ಒಂದು ಶಿಲುಬೆ ಒತ್ತಿ ಬಟ್ಟೆ ಮುಚ್ಚುತ್ತಿದ್ದರು. ಶಿರ್ವದಲ್ಲಿ ಅವರ ತಾಯಿ ಇಡ್ಲಿಯಂಥ ಸಾನ್ನಾದ ಹಿಟ್ಟಿಗೂ ಹಾಗೇ ಮಾಡುತ್ತಿದ್ದರಂತೆ. ಜನವರಿಯ ಹೊತ್ತಿಗೆ ನಾನು ಅನ್ನ, ಸಾರು, ಪಲ್ಯ ಎಲ್ಲ ಮಾಡತೊಡಗಿದೆ. ಬ್ರೆಡ್ಡು ಕಲಿಯಹೋದವನಿಗೆ ಉಳಿದ ಅಡುಗೆಯ ಹೆದರಿಕೆ ಹೋಗಿತ್ತು. ಬ್ರೆಡ್ಡು ಮಾತ್ರ ಇನ್ನೂ ಸರಿಯಾಗುತ್ತಿರಲಿಲ್ಲ.

ಇನ್ನು ಕೆಮ್ಮಿನ ಮಾತು. ಇದನ್ನು ನಿಧಾನವಾಗಿ ಹೇಳಬೇಕು.

ನಾನು ಆ ಕೋಣೆಗೆ ಬಂದಾಗಲೇ ಸಿರಿಲ್ ಬಾಬ್‌ಗೆ ಕೆಮ್ಮಿತ್ತು. ಕೆಲಸ ಮುಗಿಸಿ ಬಂದಾಗ ಹೆಚ್ಚು. ಜೊತೆಗೆ ಎದೆಯಲ್ಲಿ ಸಣ್ಣಗೆ ಸಿಳ್ಳೆಯಂಥ ಸದ್ದು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅದು ಇರುತ್ತಿರಲಿಲ್ಲ. 2013ರಲ್ಲಿ ಅವರು ಒಂದು ತಿಂಗಳ ರಜೆಗೆ ಊರಿಗೆ ಹೋದಾಗ, ಒಂದು ದಿನವೂ ಕೆಮ್ಮಿಲ್ಲ ಎಂದು ಅವರ ಹೆಂಡತಿ ಜೆಸಿಂತಾ ಫೋನಿನಲ್ಲಿ ನನಗೇ ಹೇಳಿದ್ದರು. ವಾಪಸು ಬಂದು ಕೆಲಸಕ್ಕೆ ಸೇರಿದ ವಾರದಲ್ಲಿ ಮತ್ತೆ ಶುರುವಾಯಿತು. ಇದಿಷ್ಟೂ ನನಗೆ ಗೊತ್ತಿತ್ತು. ದುಬೈಯ ಧೂಳು ಎಂದೆವು. ಏಸಿಯ ತಂಪು ಎಂದೆವು. ಕಾಳುಮೆಣಸು, ಬೆಲ್ಲ ಕುದಿಸಿ ಕೊಟ್ಟೆವು. ಎದೆಗೆ ಬಾಮ್ ಹಚ್ಚಿದೆವು.

ನವೆಂಬರಿನ ಮೇಲೆ ಶುಕ್ರವಾರವೂ ಕೆಮ್ಮು ನಿಲ್ಲಲಿಲ್ಲ. ಅವರಿಗೆ ವಾರದಲ್ಲಿ ಹಿಟ್ಟಿಲ್ಲದ ಒಂದೇ ದಿನವಿತ್ತು. ಅದನ್ನು ನಾನು ಕೇಳಿ ತೆಗೆದುಕೊಂಡಿದ್ದೆ.

ಫೆಬ್ರವರಿ ಕೊನೆಯಲ್ಲಿ ಒಂದು ಸಂಜೆ, ನಾನು ಈರುಳ್ಳಿ ಹೆಚ್ಚುತ್ತಿದ್ದಾಗ, ಅವರು ಬಂದು ಪಕ್ಕದಲ್ಲಿ ನಿಂತರು.

“ಸದಾನಂದ, ಒಂದು ಕೇಳ್ತೇನೆ. ಈ ಕೆಮ್ಮು ಡಾಕ್ಟರಿಗೆ ತೋರಿಸುವುದಾ?”

“ವೀಸಾ ಯಾವಾಗ ಮುಗಿಯುವುದು ನಿಮ್ಮದು?”

“ಮಾರ್ಚ್ ಕೊನೆಗೆ. ಮೆಡಿಕಲಿಗೆ ಇಪ್ಪತ್ತರ ಮೇಲೆ ಕರ್ಕೊಂಡು ಹೋಗ್ತಾರಂತೆ.”

“ಹಾಗಾದ್ರೆ ಹೊಸ ವೀಸಾ ಸ್ಟ್ಯಾಂಪಿಂಗ್ ಆಗುವವರೆಗೆ ಕ್ಲಿನಿಕ್ಕಿನ ಮೆಟ್ಟಿಲು ಹತ್ಬೇಡಿ. ಅಲ್ಲಿ ಎಕ್ಸ್‌ರೇ ತೆಗೀತಾರೆ. ಎಂತಾದ್ರೂ ಕಲೆ ಕಂಡ್ರೆ ಕಂಪ್ಯೂಟರಿಗೆ ಹಾಕ್ತಾರೆ. ಅಲ್ಲಿಗೆ ಖಲಾಸ್. ಮರುದಿನ ವಿಮಾನ.”

“ಹೌದಾ?”

“ನಾನು ದಿನಾ ನೋಡುವುದಲ್ವಾ?”

ಅವರು ಕಟ್ಟೆಯ ಮೇಲಿನ ಈರುಳ್ಳಿ ಸಿಪ್ಪೆಯನ್ನು ಒಟ್ಟುಮಾಡಿದರು. “ಇನ್ನೆರಡು ವರ್ಷ ಸಾಕು ಮಾರಾಯ ನನಗೆ,” ಎಂದರು. “ಮಗಳ ನರ್ಸಿಂಗ್ ಮುಗೀಲಿ. ಮತ್ತೆ ಎಂತ ಬೇಕಾದ್ರೂ ಆಗ್ಲಿ.”

“ಒಂದು ತಿಂಗಳು ತಡ್ಕೊಳ್ಳಿ, ಅಷ್ಟೆ.”

ನಾನು ದಿನಾ ನೋಡುತ್ತಿದ್ದದ್ದು ಅರ್ಜಿಗಳನ್ನು. ಮೆಡಿಕಲ್ ಆಗುವ ಮೊದಲು ಡಾಕ್ಟರಿಗೆ ತೋರಿಸಿದರೆ ಊರಿಗೆ ಕಳುಹಿಸುತ್ತಾರೆ ಎಂಬ ನಿಯಮವನ್ನು ನಾನು ಎಲ್ಲೂ ಓದಿದವನಲ್ಲ. ಎದೆಯ ಎಕ್ಸ್‌ರೇಯಲ್ಲಿ ಕ್ಷಯ ಎಂದು ಬಂದು, ಅನ್‌ಫಿಟ್ ಆಗಿ, ಕೌಂಟರಿನ ಎದುರು ಅತ್ತ ಮೂರು ಜನರನ್ನು ನೋಡಿದ್ದೆ. ಆ ಮೂವರನ್ನು ನೋಡಿ ನಾನೇ ಮಾಡಿಕೊಂಡ ನಿಯಮ ಅದು. ನಮ್ಮ ಕಡೆಯ ಎಲ್ಲ ಕೋಣೆಗಳಲ್ಲೂ ಅದೇ ನಿಯಮವಿತ್ತು. ಕೆಮ್ಮಿದವನನ್ನು ಆಸ್ಪತ್ರೆಯಿಂದ ಅಡಗಿಸುವುದು ನಾವು ಅವನಿಗೆ ಮಾಡುವ ಉಪಕಾರ ಎಂದು ತಿಳಿದಿದ್ದೆವು.

ಈಗ ಹೊಸ್ತಿಲಿಗೆ ಬರುತ್ತೇನೆ.

ಆ ಅಡುಗೆಮನೆಗೆ ಕಿಟಕಿಯಿಲ್ಲ. ಗಾಳಿ ಎಳೆಯುವ ಫ್ಯಾನ್ ಒಂದಿತ್ತು. ಎರಡು ದಿನ ಮರಳುಗಾಳಿ ಬೀಸಿದ್ದರಿಂದ ಅದರ ಬಾಯಿಗೆ ನಾನು ಹಳೆಯ ಟವೆಲ್ ತುರುಕಿದ್ದೆ. ಮೂಲೆಯಲ್ಲಿ ಹಿಟ್ಟು ಹಾಕುವ ಡಬ್ಬ. ಊರಲ್ಲಿ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ಬಿಚ್ಚಿ ಸುರಿಯುವುದನ್ನು ನೋಡಿ ಬೆಳೆದವನು ನಾನು. ಚೀಲದ ಬಾಯಿ ಕತ್ತರಿಸಿ, ಡಬ್ಬಕ್ಕೆ ಒಂದೇ ಸಲ ಬೋರಲು ಹಾಕಿ, ತಳಕ್ಕೆ ಎರಡು ಏಟು ಹೊಡೆದೆ. ಹಿಟ್ಟು ಎದ್ದಿತು. ಬಲ್ಬಿನ ಬೆಳಕು ಮಂಕಾಗುವಷ್ಟು ಎದ್ದಿತು. ಸಿರಿಲ್ ಬಾಬ್ ತಿರುಗಿ, ಬಿಳಿಯಾದ ನನ್ನ ಮುಖ ನೋಡಿ ನಕ್ಕರು. “ಯಕ್ಷಗಾನಕ್ಕೆ ಹೊರಟದ್ದಾ?” ಎಂದರು. ಅವರು ನನಗೆ ಹೇಳಿದ ಕೊನೆಯ ಪೂರ್ತಿ ವಾಕ್ಯ ಅದು.

ನಗು ಕೆಮ್ಮಾಯಿತು. ಕೆಮ್ಮು ನಿಂತಿತು, ಅದು ಒಳ್ಳೆಯದೆಂದುಕೊಂಡೆ. ಅವರು ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯತೊಡಗಿದರು. ಏಸಿಯ ತಂಪು ತಾಗಬಾರದೆಂದು ನಾನು ಅಡುಗೆಮನೆಯ ಬಾಗಿಲು ಮುಚ್ಚಿದೆ. ಇದನ್ನು ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಬಾಗಿಲು ಮುಚ್ಚಿದವನು ನಾನೇ. ಹಿಟ್ಟು ಇನ್ನೂ ಗಾಳಿಯಲ್ಲಿತ್ತು. ನೀರಿಟ್ಟೆ. ಮೆಣಸು ಜಜ್ಜಿದೆ. ಬಾಮ್ ತಂದು ಎದೆಗೆ ಹಚ್ಚಿದೆ. ಅವರ ಬನಿಯನ್ ಒದ್ದೆಯಾಗಿತ್ತು. ಒಂದು ಗುಟುಕು ಕಷಾಯ ಬಾಯಿಗೆ ಹಿಡಿದೆ, ಅವರು ಮುಖ ತಿರುಗಿಸಿದರು.

ರಝಾಕ್ ನಮಾಜಿಗೆ ಹೊರಡಲು ಸ್ನಾನ ಮಾಡಿ ಬಂದವನು ಬಾಗಿಲು ತೆಗೆದ. ತಲೆಯಿಂದ ನೀರು ಇಳಿಯುತ್ತಿತ್ತು.

“ಸದಣ್ಣ, ಎಂತಾಯ್ತು?”

“ಹಿಟ್ಟು ಹೋಯ್ತು ಗಂಟಲಿಗೆ. ಈಗ ಕಡಿಮೆ ಆಗ್ತದೆ.”

“ಎಂತ ಕಡಿಮೆ? ತುಟಿ ನೋಡಿ ಅವರದ್ದು. ಗಾಡಿ ತೆಗೀತೇನೆ.”

“ತಾಳು. ಮೆಡಿಕಲ್ ಆಗ್ಲಿಲ್ಲ ಇನ್ನೂ. ಎಮರ್ಜೆನ್ಸಿಗೆ ಹೋದ್ರೆ ಎಕ್ಸ್‌ರೇ ತೆಗೀತಾರೆ.”

“ಎಕ್ಸ್‌ರೇ ತೆಗೀಲಿ ಸದಣ್ಣ.”

“ಇನ್ನು ಹತ್ತು ದಿನ ಉಂಟು, ಅಷ್ಟೆ. ಹತ್ತೊಂಬತ್ತು ವರ್ಷ ದುಡಿದವರು.”

ಆಗ ಸಿರಿಲ್ ಬಾಬ್ ಬಲಗೈ ಎತ್ತಿದರು. ಅಂಗೈ ನಮ್ಮ ಕಡೆಗಿತ್ತು, ಬೆರಳುಗಳಿಗೆ ಹಿಟ್ಟು ಅಂಟಿತ್ತು. “ನೋಡು, ಅವರೂ ತಾಳು ಹೇಳ್ತಾರೆ,” ಎಂದೆ ನಾನು. ಅವರು ಹಾಗೆ ಹೇಳಿದರೋ, ನನ್ನ ಮಾತು ಸಾಕು ಎಂದರೋ, ಹಿಡಿದು ಎಬ್ಬಿಸಿ ಎಂದರೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಅಂದು ಹೇಳಿದವನು ನಾನು. ರಝಾಕ್ ನನಗಿಂತ ಚಿಕ್ಕವನು, ಕಾಗದಪತ್ರದ ವಿಷಯದಲ್ಲಿ ನನ್ನ ಮಾತು ಮೀರಿದವನಲ್ಲ. ಅವನು ತಾಳಿದ. ಗಡಿಯಾರ ಹನ್ನೆರಡು ಮೂರು ತೋರಿಸಿದಾಗ, ಅಂದರೆ ಹನ್ನೊಂದು ಐವತ್ತೆಂಟಕ್ಕೆ, ಸಿರಿಲ್ ಬಾಬ್ ಸ್ಟೂಲಿನಿಂದ ಪಕ್ಕಕ್ಕೆ ವಾಲಿದರು. ರಝಾಕ್ ನನ್ನನ್ನು ಮೊಣಕೈಯಿಂದ ಸರಿಸಿ ಅವರನ್ನು ಎತ್ತಿಕೊಂಡ. ಹೊರಗಿನ ಗೇಟು ತುಕ್ಕು ಹಿಡಿದು ಬಿಗಿಯಾಗಿತ್ತು. ಮಾಸ್ಟರ್‌ಜಿ ಬರಿಗಾಲಲ್ಲಿ ಓಡಿಬಂದು ಭುಜ ಕೊಟ್ಟು ತೆರೆದರು. “ಜಲ್ದಿ ಬೇಟಾ, ಜಲ್ದಿ.”

ಶುಕ್ರವಾರದ ರಸ್ತೆ ಖಾಲಿ. ಏಳು ನಿಮಿಷ ಹಿಡಿಯಿತು. ಹೊರಡುವ ಮೊದಲು ನಾನು ಅವರ ವೀಸಾದ ಪ್ರತಿಯನ್ನು ಮರೆಯದೆ ಜೇಬಿಗೆ ಹಾಕಿಕೊಂಡಿದ್ದೆ. ಎಮರ್ಜೆನ್ಸಿಯಲ್ಲಿ ಒಬ್ಬರು ಮಲಯಾಳಿ ನರ್ಸ್ ಅದನ್ನು ತೆಗೆದುಕೊಳ್ಳಲಿಲ್ಲ. “ಅದೆಲ್ಲ ಆಮೇಲೆ. ಇವರ ಇನ್ಹೇಲರ್ ಯಾವುದು?” ಎಂದು ಹಿಂದಿಯಲ್ಲಿ ಕೇಳಿದರು.

“ಎಂಥ ಇನ್ಹೇಲರ್?” ಎಂದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಡಾಕ್ಟರು ಹೊರಗೆ ಬಂದು, ಅವರು ತೀರಿಕೊಂಡರು ಎಂದು ಹೇಳಿದರು. ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿ, ಬೇಕರಿ ಎಂದಾಗ ತಲೆಯಾಡಿಸಿದರು. ಬಹಳ ವರ್ಷ ಹಿಟ್ಟಿನಲ್ಲಿ ಕೆಲಸ ಮಾಡಿದವರಿಗೆ ಬರುವ ಅಸ್ತಮಾ, ಔಷಧಿ ಇದೆ, ತೆಗೆದುಕೊಂಡು ಹಿಟ್ಟಿನಿಂದ ದೂರವಿದ್ದರೆ ಬದುಕಬಹುದು ಎಂದರು. ನಾನು ಒಂದೇ ಪ್ರಶ್ನೆ ಕೇಳಿದೆ.

“ಇದಕ್ಕೆ ವೀಸಾ ಕ್ಯಾನ್ಸಲ್ ಆಗ್ತಿತ್ತಾ?”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಕೇಳಿದೆ. “ಅಸ್ತಮಾಕ್ಕಾ? ಇಲ್ಲ,” ಎಂದು ನನ್ನನ್ನು ನೋಡುತ್ತಲೇ ನಿಂತರು. ರಝಾಕ್ ಪಕ್ಕದಲ್ಲಿದ್ದ. ಅವನು ನನ್ನನ್ನು ನೋಡಲಿಲ್ಲ.

ಸಂಜೆ ವಿಲ್ಲಾಕ್ಕೆ ಬಂದಾಗ ನಾದಿಟ್ಟ ಹಿಟ್ಟು ಪಾತ್ರೆ ಮೀರಿ ಕಟ್ಟೆಗೆ ಇಳಿದಿತ್ತು. ನಾನು ಅದನ್ನು ಕಸಕ್ಕೆ ಹಾಕಲು ಹೊರಟೆ. “ಬೇಡ,” ಎಂದ ರಝಾಕ್, “ಅವರ ಕೈಯದ್ದು.” ಹಿಟ್ಟನ್ನು ಒಟ್ಟುಮಾಡಿ, ಇನ್ನೊಮ್ಮೆ ಉಬ್ಬಲು ಬಿಟ್ಟು ಬೇಯಿಸಿದೆ. ಆ ಓವನ್ನಿನಲ್ಲಿ ನಾನು ತೆಗೆದ ಮೊದಲ ಸರಿಯಾದ ಬ್ರೆಡ್ಡು ಅದು. ರಝಾಕ್ ನಿಂತುಕೊಂಡೇ ಒಂದು ತುಂಡು ತಿಂದ. ನನಗೊಂದು ತುಂಡು ಕೊಟ್ಟ. ತಿಂದೆ. ರುಚಿಯಾಗಿತ್ತು.

ಸಿರಿಲ್ ಬಾಬ್ ಊರಿಗೆ ಪೆಟ್ಟಿಗೆಯಲ್ಲಿ ಹೋದರು. ಅದರ ಕಾಗದಗಳನ್ನೆಲ್ಲ ನಾನೇ ಟೈಪ್ ಮಾಡಿದೆ. ಜೆಸಿಂತಾ ಬಾಯಿಗೆ ಫೋನಿನಲ್ಲಿ, ಇದ್ದಕ್ಕಿದ್ದಂತೆ ಆಯಿತು, ಕೂಡಲೇ ಆಸ್ಪತ್ರೆಗೆ ಒಯ್ದೆವು ಎಂದೆ. ಕೂಡಲೇ ಎಂಬ ಮಾತನ್ನು ಅವರು ಐದು ವರ್ಷ ನಂಬಿಕೊಂಡಿದ್ದರು.

ಕಳೆದ ರಜೆಯಲ್ಲಿ ರಝಾಕನೂ ಊರಲ್ಲಿದ್ದ. ಇಬ್ಬರೂ ಶಿರ್ವಕ್ಕೆ ಹೋದೆವು. ಮಗಳು ನರ್ಸಾಗಿ ಮಂಗಳೂರಿನಲ್ಲಿದ್ದಾಳೆ, ಆ ದಿನ ಮನೆಯಲ್ಲಿರಲಿಲ್ಲ. ಜೆಸಿಂತಾ ಬಾಯಿ ಚಹಾ ಕೊಟ್ಟು, ಎದುರು ಕೂತು, ನನ್ನನ್ನು ಬಿಟ್ಟು ರಝಾಕನನ್ನು ಕೇಳಿದರು.

“ಮಗಳು ಹೇಳ್ತಾಳೆ, ಅಸ್ತಮಾದಲ್ಲಿ ಒಂದೊಂದು ನಿಮಿಷವೂ ಲೆಕ್ಕ ಅಂತೆ. ನೀವು ಹೇಳಿ. ಬೇಗ ಒಯ್ದದ್ದಾ?”

ರಝಾಕ್ ಲೋಟ ಕೆಳಗಿಟ್ಟ. “ಹೌದು ಬಾಯಿ,” ಎಂದ. “ಸದಣ್ಣ ಒಂದು ನಿಮಿಷ ಸಹ ನಿಲ್ಲಲಿಲ್ಲ.”

ಅವರು ನನ್ನ ಕಡೆ ತಿರುಗಿ ಕೈ ಮುಗಿದರು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿಗೆ ನಡೆದೆವು. ಬಸ್ಸು ಹತ್ತುವಾಗ ರಝಾಕ್, “ಇನ್ನು ನನ್ನಿಂದ ಆಗುವುದಿಲ್ಲ ಸದಣ್ಣ,” ಎಂದ. “ಮುಂದೆ ಕೇಳಿದ್ರೆ ನೀವೇ ಹೇಳಿ.”

ಅದಕ್ಕೇ ಬರೆದಿದ್ದೇನೆ. ಇದರ ಒಂದು ಪ್ರತಿ ಶಿರ್ವಕ್ಕೆ ಹೋಗುತ್ತದೆ, ನೀವು ಓದುವ ಮೊದಲೇ.

ಅಂದು ಗೇಟು ತೆರೆದ ಮಾಸ್ಟರ್‌ಜಿ 2017ರಲ್ಲಿ ತಮ್ಮ ಊರಿನಲ್ಲಿ ತೀರಿಕೊಂಡರು. ಹನ್ನೊಂದು ನಲವತ್ತರಿಂದ ಐವತ್ತೆಂಟರವರೆಗಿನ ಹದಿನೆಂಟು ನಿಮಿಷವನ್ನು ಪೂರ್ತಿ ಕಂಡವನು ನಾನು. ಅದರ ಕೊನೆಯ ಭಾಗವನ್ನು, ನನ್ನ ಮಾತುಗಳನ್ನು, ಎತ್ತಿದ ಆ ಕೈಯನ್ನು ಕಂಡವನು ರಝಾಕ್. ಅವನು ಅಬುಧಾಬಿಯಲ್ಲಿ ಗಾಡಿ ಓಡಿಸುತ್ತಿದ್ದಾನೆ, ಆರೋಗ್ಯವಾಗಿದ್ದಾನೆ. ನಾನು ಇಲ್ಲಿ ಯಾವುದನ್ನಾದರೂ ಕಡಿಮೆ ಮಾಡಿ ಹೇಳಿದ್ದರೆ, ಜೆಸಿಂತಾ ಬಾಯಿ, ಅವನನ್ನು ಕೇಳಿ. ಈ ಸಲ ನಿಜ ಹೇಳು ಎಂದು ಅವನಿಗೆ ಹೇಳಿದ್ದೇನೆ.